ಕಸಿ ಯಕೃತ್ತು ರಕ್ತಕ್ಕೆ ಬಿಡುವ ಕಿರುಚೀಲಗಳು

ಪ್ರಶ್ನೆ: ನನ್ನ ಯಜಮಾನರಿಗೆ ಈಗ 52 ವರ್ಷ. ಹೆಪಟೈಟಿಸ್ ಬಿ ಸೋಂಕಿನಿಂದ ಯಕೃತ್ತು ಗಾಯಗಟ್ಟಿ ಗಡುಸಾಗುವ ಸಿರೋಸಿಸ್‌ಗೆ ತಿರುಗಿ, ಅದರಲ್ಲೊಂದು ಸಣ್ಣ ಕ್ಯಾನ್ಸರ್ ಗಡ್ಡೆಯೂ ಕಾಣಿಸಿಕೊಂಡಿದ್ದರಿಂದ 14 ತಿಂಗಳ ಹಿಂದೆ ಲಿವರ್ ಕಸಿ ಮಾಡಿಸಿದೆವು. ಬಲಭಾಗವನ್ನು ಕೊಟ್ಟವಳು ನಾನೇ. ಇಬ್ಬರೂ ಓಡಾಡಿಕೊಂಡು ಚೆನ್ನಾಗಿದ್ದೇವೆ. ಆದರೆ ಈಚೆಗೆ ಮೂತ್ರಪಿಂಡದ ಸ್ಥಿತಿ ತೋರಿಸುವ ಅವರ ಕ್ರಿಯಾಟಿನಿನ್ 1.5ಕ್ಕೆ ಏರಿದೆ, ಕಸಿ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಔಷಧಿಯ ಮಟ್ಟ ರಕ್ತದಲ್ಲಿ ಕಳೆದ ಮೂರು ಸಲವೂ 12ರ ಮೇಲೆಯೇ ಬಂದಿದೆ. ತಪಾಸಣೆಗೆ ಹಾಸನದಿಂದ ಬೆಂಗಳೂರಿಗೆ ಹೋಗುವ ದಿನವೂ ನಸುಕಿನಲ್ಲೇ ಎಲ್ಲ ಮಾತ್ರೆ ನುಂಗಿಸಿಯೇ ಬಸ್ಸು ಹತ್ತಿಸುತ್ತೇನೆ, ಒಂದು ಹೊತ್ತೂ ತಪ್ಪಿಸಿಲ್ಲ. ಹೀಗಿರುವಾಗ ಪರಿಚಯದವರೊಬ್ಬರು ಹೇಳಿದ ಕ್ಲಿನಿಕ್ಕಿನಲ್ಲಿ, 'ಎಕ್ಸೋಸೋಮ್ ಇಂಜೆಕ್ಷನ್' ಆರು ಡೋಸ್ ತೆಗೆದುಕೊಂಡರೆ ಲಿವರ್ ಗಟ್ಟಿಯಾಗುತ್ತದೆ, ಟ್ಯಾಕ್ರೋಲಿಮಸ್ ಅರ್ಧಕ್ಕಿಳಿಸಬಹುದು ಎಂದರು. ಬಯೋಕೆಮಿಸ್ಟ್ರಿ ಓದುತ್ತಿರುವ ನನ್ನ ಅಣ್ಣನ ಮಗ ಮಾತ್ರ, ದಾನಿಯ ಲಿವರಿನಿಂದ ಹೊರಡುವ ಎಕ್ಸೋಸೋಮ್‌ಗಳೇ ತಿರಸ್ಕಾರಕ್ಕೆ ಕಾರಣ, ಅಂಥದ್ದನ್ನೇ ಮತ್ತೆ ಚುಚ್ಚಿಸಿಕೊಳ್ಳುವುದೇ ಎಂದು ಕೇಳುತ್ತಾನೆ. ಇವುಗಳಿಂದ ಬಯಾಪ್ಸಿ ಇಲ್ಲದೆಯೇ ತಿರಸ್ಕಾರವನ್ನು ಪತ್ತೆ ಮಾಡಬಹುದಂತೆ, ಅದು ನಿಜವೇ? ಯಾರ ಮಾತು ನಂಬಬೇಕು?

ಉತ್ತರ: ಮೊದಲಿಗೆ ತುರ್ತಾದದ್ದನ್ನು ಹೇಳಿಬಿಡುತ್ತೇನೆ. ಆ ಇಂಜೆಕ್ಷನ್ ಬೇಡ. ಟ್ಯಾಕ್ರೋಲಿಮಸ್ ಪ್ರಮಾಣವನ್ನು ನಿಮ್ಮ ಕಸಿ ತಂಡದವರ ಹೊರತು ಬೇರೆ ಯಾರೂ ಮುಟ್ಟಕೂಡದು, ನೀವೂ ಸೇರಿದಂತೆ. ನಿಮ್ಮ ಪತ್ರದಲ್ಲಿ ನೀವು ಹೆಚ್ಚು ಗಮನ ಕೊಡದೆ ಬರೆದಿರುವ ಒಂದು ಸಾಲು ನನ್ನನ್ನು ಇಂಜೆಕ್ಷನ್‌ಗಿಂತ ಹೆಚ್ಚಾಗಿ ಕಾಡಿತು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ನಿಮ್ಮ ಅಣ್ಣನ ಮಗನ ಮಾತಿನಲ್ಲಿ ಸತ್ಯವಿದೆ, ಆದರೆ ಅದು ಪೂರ್ತಿ ಸತ್ಯವಲ್ಲ. ಉಳಿದರ್ಧವೇ ಯಕೃತ್ತಿನ ಮಟ್ಟಿಗೆ ಹೆಚ್ಚು ಸ್ವಾರಸ್ಯಕರವಾದದ್ದು.

ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳೂ ತಮ್ಮ ಪೊರೆಯ ಚೂರಿನಲ್ಲಿ ಒಂದಿಷ್ಟು ಒಳವಸ್ತುವನ್ನು ಸುತ್ತಿ ಹೊರಗೆ ಬಿಡುತ್ತಲೇ ಇರುತ್ತವೆ. ಇವುಗಳನ್ನು ಒಟ್ಟಾಗಿ ಕೋಶಬಾಹ್ಯ ಕಿರುಚೀಲಗಳು ಎನ್ನಬಹುದು. ಕೋಶದ ಒಳಗಿನ ಸಂಚಿಯೊಂದರಲ್ಲಿ ಮೊದಲೇ ತಯಾರಾಗಿದ್ದು, ಆ ಸಂಚಿ ಹೊರಪೊರೆಗೆ ಬೆಸೆದುಕೊಂಡಾಗ ಹೊರಬೀಳುವ, ಸುಮಾರು 30ರಿಂದ 150 ನ್ಯಾನೋಮೀಟರ್ ಗಾತ್ರದವು ಎಕ್ಸೋಸೋಮ್‌ಗಳು. ಹೊರಪೊರೆಯೇ ಮೊಗ್ಗಿನಂತೆ ಉಬ್ಬಿ ಕಳಚಿಕೊಂಡಾಗ ಆಗುವ, ಸಾಮಾನ್ಯವಾಗಿ 100ರಿಂದ 1,000 ನ್ಯಾನೋಮೀಟರ್‌ನವು ಮೈಕ್ರೋವೆಸಿಕಲ್‌ಗಳು. ಸಾಯುತ್ತಿರುವ ಕೋಶ ಒಡೆದು ಚೂರಾದಾಗ ಉಳಿಯುವ ಇನ್ನೂ ದೊಡ್ಡ ತುಣುಕುಗಳದ್ದು ಮೂರನೆಯ ಗುಂಪು. ಒಂದು ತಲೆಗೂದಲಿನ ಅಗಲದಲ್ಲಿ 100 ನ್ಯಾನೋಮೀಟರಿನ ಕಿರುಚೀಲಗಳನ್ನು ಸಾಲಾಗಿಟ್ಟರೆ 700–800 ಹಿಡಿಸುತ್ತವೆ. ಒಮ್ಮೆ ರಕ್ತಕ್ಕೆ ಸೇರಿದ ಮೇಲೆ ಇದು ಎಕ್ಸೋಸೋಮ್, ಇದು ಅಲ್ಲ ಎಂದು ಖಚಿತವಾಗಿ ಬೇರ್ಪಡಿಸುವುದು ಪ್ರಯೋಗಾಲಯಗಳಿಗೂ ಕಷ್ಟವಾದ್ದರಿಂದ ಸಂಶೋಧಕರು ಈಗ 'ಕೋಶಬಾಹ್ಯ ಕಿರುಚೀಲ' ಎಂಬ ಒಟ್ಟು ಹೆಸರನ್ನೇ ಬಳಸುತ್ತಾರೆ. 'ಶುದ್ಧ ಎಕ್ಸೋಸೋಮ್' ಎಂಬ ಮಾತು ಹೆಚ್ಚಾಗಿ ಕೇಳಿಬರುವುದು ಜಾಹೀರಾತುಗಳಲ್ಲಿ.

ಇವುಗಳನ್ನು ವಿಜ್ಞಾನ ಬಹುಕಾಲ ಕಸವೆಂದೇ ಎಣಿಸಿತ್ತು. 1946ರಲ್ಲಿ ಚಾರ್ಗಾಫ್ ಮತ್ತು ವೆಸ್ಟ್ ಎಂಬಿಬ್ಬರು ರಕ್ತದ ಪ್ಲಾಸ್ಮಾವನ್ನು ಅತಿವೇಗದಲ್ಲಿ ತಿರುಗಿಸಿದಾಗ ತಳಕ್ಕಿಳಿದ ಸೂಕ್ಷ್ಮ ಗಷ್ಟಿನಲ್ಲಿ ಹೆಪ್ಪುಗಟ್ಟಿಸುವ ಗುಣವಿರುವುದನ್ನು ಕಂಡರು. 1967ರಲ್ಲಿ ಪೀಟರ್ ವುಲ್ಫ್ ಅದನ್ನು 'ಪ್ಲೇಟ್‌ಲೆಟ್ ಧೂಳು' ಎಂದು ಕರೆದರು. 1983ರಲ್ಲಿ ಕೆನಡಾದಲ್ಲಿ ರೋಸ್ ಜಾನ್‌ಸ್ಟೋನ್ ಅವರ ತಂಡ ಮತ್ತು ಅಮೆರಿಕದಲ್ಲಿ ಫಿಲಿಪ್ ಸ್ಟಾಲ್ ಅವರ ತಂಡ, ಬಲಿಯುತ್ತಿರುವ ಕೆಂಪು ರಕ್ತಕಣಗಳು ತಮಗೆ ಬೇಡವಾದ ಪ್ರೋಟೀನನ್ನು ಇಂಥ ಚೀಲಗಳಲ್ಲಿ ಕಟ್ಟಿ ಹೊರಹಾಕುವುದನ್ನು ಬೇರೆ ಬೇರೆಯಾಗಿಯೇ ತೋರಿಸಿದವು. ಆಗಲೂ ಅದು ಕಸ ವಿಲೇವಾರಿಯ ಕತೆಯೇ. 2007ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ, ಈ ಚೀಲಗಳಲ್ಲಿ ಆರ್‌ಎನ್‌ಎ ಇದೆ, ಒಂದು ಕೋಶದ ಆರ್‌ಎನ್‌ಎ ಇನ್ನೊಂದು ಕೋಶದೊಳಗೆ ಹೋಗಿ ಪ್ರೋಟೀನ್ ತಯಾರಿಸಬಲ್ಲದು ಎಂಬ ವರದಿ ಬಂದಾಗ ನೋಟ ಬದಲಾಯಿತು. ಕಸದ ಚೀಲ ಟಪಾಲಿನ ಚೀಲವಾಯಿತು. ಈ ಹೋಲಿಕೆ ಅನುಕೂಲಕರವಾದರೂ ಒಂದು ಎಚ್ಚರಿಕೆ ಬೇಕು: ಟಪಾಲು ಕಳಿಸುವವನಿಗೆ ಉದ್ದೇಶವಿರುತ್ತದೆ, ಕೋಶಕ್ಕೆ ಇಲ್ಲ. ಕೋಶ ಯಾವ ಸ್ಥಿತಿಯಲ್ಲಿದೆಯೋ ಅದರ ಗುರುತನ್ನೇ ಚೀಲ ಹೊತ್ತೊಯ್ಯುತ್ತದೆ. ಆರೋಗ್ಯವಂತ ಕೋಶದ ಚೀಲ ಒಂದು ಬಗೆ, ಉಸಿರುಕಟ್ಟಿದ ಕೋಶದ ಚೀಲ ಇನ್ನೊಂದು ಬಗೆ. ನಾನು ಮುಂದೆ ಹೇಳುವುದೆಲ್ಲವೂ ಈ ಒಂದು ಮಾತಿನ ಮೇಲೆ ನಿಂತಿದೆ.

ಯಕೃತ್ತಿಗೂ ಕಿರುಚೀಲಗಳಿಗೂ ಇರುವ ನಂಟು ಬೇರೆ ಅಂಗಗಳಿಗಿಲ್ಲದಷ್ಟು ಗಾಢವಾದದ್ದು, ಅದಕ್ಕೆ ಕಾರಣ ಅದರ ಕಟ್ಟಡ. ಯಕೃತ್ತಿನೊಳಗೆ ರಕ್ತ ಹರಿಯುವ ಸೈನುಸಾಯ್ಡ್ ಎಂಬ ಸಣ್ಣ ನಾಳಗಳ ಒಳಗೋಡೆ ಜರಡಿಯಂತೆ ತೂತುತೂತಾಗಿರುತ್ತದೆ; ಆ ತೂತುಗಳ ಅಗಲ ಹೆಚ್ಚುಕಡಿಮೆ 100 ನ್ಯಾನೋಮೀಟರಿನ ಆಸುಪಾಸಿನದು, ಅಂದರೆ ಸಣ್ಣ ಕಿರುಚೀಲಗಳು ನುಸುಳಿ ಯಕೃತ್ಕೋಶಗಳನ್ನು ತಲುಪುವಷ್ಟು, ಅಲ್ಲಿಂದ ಹೊರಟವು ರಕ್ತಕ್ಕೆ ಸೇರುವಷ್ಟು. ಆ ನಾಳಗಳೊಳಗೆ ಕುಪ್ಫರ್ ಕೋಶಗಳೆಂಬ ಕಾವಲುಗಾರರು ಹಾದುಹೋಗುವ ಕಣಗಳನ್ನು ಹಿಡಿದು ನುಂಗುತ್ತಾ ಕುಳಿತಿರುತ್ತಾರೆ. ಪ್ರಯೋಗಾಲಯದ ಪ್ರಾಣಿಯ ರಕ್ತನಾಳಕ್ಕೆ ಹೊರಗಿನ ಕಿರುಚೀಲಗಳನ್ನು ಚುಚ್ಚಿದರೆ ಅವುಗಳಲ್ಲಿ ಬಹುಭಾಗ ಕೆಲವೇ ನಿಮಿಷಗಳಲ್ಲಿ ರಕ್ತದಿಂದ ಮರೆಯಾಗಿ ಯಕೃತ್ತಿನಲ್ಲಿ ಸಿಕ್ಕಿಕೊಳ್ಳುವುದು ಇದರಿಂದಲೇ. ಕ್ಲಿನಿಕ್ಕಿನವರು 'ನೇರ ಲಿವರಿಗೇ ಹೋಗುತ್ತದೆ' ಎಂದು ಹೇಳಿದ್ದರೆ ಅದು ಸುಳ್ಳಲ್ಲ. ಆದರೆ ತಿಪ್ಪೆಗೆ ಹೋದದ್ದೆಲ್ಲ ಗೊಬ್ಬರವಾಗುವುದಿಲ್ಲ. ಅಲ್ಲಿಗೆ ತಲುಪಿದವುಗಳಲ್ಲಿ ಹೆಚ್ಚಿನವು ಕಾವಲುಗಾರರ ಹೊಟ್ಟೆ ಸೇರುತ್ತವೆ.

ಈಗ ಶಸ್ತ್ರಚಿಕಿತ್ಸೆಯ ಕೋಣೆಗೆ ಬನ್ನಿ. ದಾನಿಯಿಂದ ತೆಗೆದ ಯಕೃತ್ತನ್ನು ತಣ್ಣನೆಯ ಸಂರಕ್ಷಕ ದ್ರಾವಣದಿಂದ ತೊಳೆದಾಗ ರಕ್ತವೆಲ್ಲ ಹೊರಟುಹೋಗಿ ಅದು ಮಾಸಲು ಕಂದುಬಣ್ಣಕ್ಕೆ ಬಂದಿರುತ್ತದೆ. ನಿಮ್ಮಂಥ ಜೀವಂತ ದಾನಿಯಾದರೆ ಅದು ಪಕ್ಕದ ಕೋಣೆಯಿಂದ ಬರುವುದು, ತಣ್ಣಗಿರಬೇಕಾದ ಸಮಯ ಕಡಿಮೆ. ಮಿದುಳು ಸಾವಿನ ದಾನಿಯದಾದರೆ ಇನ್ನೊಂದು ಊರಿನಿಂದ 'ಝೀರೋ ಟ್ರಾಫಿಕ್'ನಲ್ಲಿ ಆಂಬುಲೆನ್ಸ್ ಓಡಿಬರಬೇಕು, ಗಂಟೆಗಳು ಉರುಳುತ್ತವೆ. ನಾಳಗಳನ್ನು ಹೊಲಿದು ಮುಗಿಸಿ ಪೋರ್ಟಲ್ ರಕ್ತನಾಳದ ಕ್ಲ್ಯಾಂಪ್ ಬಿಟ್ಟ ಕ್ಷಣದಲ್ಲಿ ಒಂದು ಅಂಚಿನಿಂದ ಕೆಂಪು ಹರಡತೊಡಗಿ, ನೋಡುತ್ತಿದ್ದಂತೆಯೇ ಇಡೀ ಅಂಗ ಬಣ್ಣ ತುಂಬಿಕೊಂಡು ಉಬ್ಬುತ್ತದೆ. ಎಷ್ಟು ಸಲ ನೋಡಿದರೂ ಹಳತಾಗದ ದೃಶ್ಯವದು. ಆದರೆ ಆ ಹೊತ್ತಿನಲ್ಲಿ ಅರಿವಳಿಕೆ ತಜ್ಞರು ಯಕೃತ್ತಿನ ಕಡೆ ನೋಡುವುದೇ ಇಲ್ಲ. ಅವರ ಕಣ್ಣೆಲ್ಲ ಮಾನಿಟರಿನ ಮೇಲೆ, ಏಕೆಂದರೆ ರಕ್ತದೊತ್ತಡ ಕುಸಿಯುವುದು, ಪೊಟ್ಯಾಸಿಯಂ ಏರುವುದು ಆಗಲೇ. ಒಂದಷ್ಟು ಹೊತ್ತಿನ ಮೇಲೆ ಪಿತ್ತನಾಳದ ತುದಿಯಲ್ಲಿ ಹೊಂಬಣ್ಣದ ಹನಿಯೊಂದು ಮೂಡಿದಾಗಲೇ ಎಲ್ಲರೂ ಸಲೀಸಾಗಿ ಉಸಿರಾಡುವುದು.

ಹೊರನೋಟಕ್ಕೆ ಜೀವ ಬಂದಂತೆ ಕಾಣುವ ಅದೇ ಕ್ಷಣದಲ್ಲಿ ಒಳಗೆ ಗಾಯವೂ ಆಗುತ್ತಿರುತ್ತದೆ. ಆಮ್ಲಜನಕವಿಲ್ಲದೆ ತಣ್ಣಗಿದ್ದ ಕೋಶಗಳಿಗೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳಲ್ಲಿ ಸಕ್ಸಿನೇಟ್ ಎಂಬ ವಸ್ತು ರಾಶಿಬಿದ್ದಿರುತ್ತದೆ. ರಕ್ತ ಮರಳಿದೊಡನೆ ಅದು ಒಮ್ಮೆಗೇ ಉರಿದು, ಪೊರೆಗಳನ್ನು ಸುಡುವ ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ. ಇದಕ್ಕೆ ರಕ್ತಕೊರತೆ ಹಾಗೂ ಮರುಹರಿವಿನ ಗಾಯ ಎನ್ನುತ್ತೇವೆ. ಹೀಗೆ ಪೆಟ್ಟು ತಿಂದ ಯಕೃತ್ಕೋಶಗಳೂ ನಾಳದ ಒಳಗೋಡೆಯ ಕೋಶಗಳೂ ಕಿರುಚೀಲಗಳನ್ನು ಹೇರಳವಾಗಿ ಉದುರಿಸುತ್ತವೆ, ಅವುಗಳ ಮೇಲೂ ಒಳಗೂ 'ಇಲ್ಲಿ ಅಪಾಯವಾಗಿದೆ' ಎಂದು ಸೂಚಿಸುವ ಪ್ರೋಟೀನ್‌ಗಳು, ಮೈಟೋಕಾಂಡ್ರಿಯಾದ ಡಿಎನ್‌ಎ ಚೂರುಗಳು ಇರಬಹುದು. ಕುಪ್ಫರ್ ಕೋಶಗಳು ಅವನ್ನು ನುಂಗಿ ಕೆರಳುತ್ತವೆ, ಬಿಳಿರಕ್ತಕಣಗಳನ್ನು ಕರೆಯುತ್ತವೆ, ಸಣ್ಣ ಗಾಯ ದೊಡ್ಡದಾಗುತ್ತದೆ. ಪ್ಲೇಟ್‌ಲೆಟ್‌ಗಳಿಂದ ಬಂದ ಚೀಲಗಳ ಹೊರಮೈಯಾದರೋ ರಕ್ತ ಹೆಪ್ಪುಗಟ್ಟಲು ಹೇಳಿಮಾಡಿಸಿದ ಜಾಗ.

ಇಷ್ಟೇ ಆಗಿದ್ದರೆ ಕಿರುಚೀಲಗಳು ಖಳನಾಯಕರೆಂದು ತೀರ್ಮಾನಿಸಿ ಮುಗಿಸಬಹುದಿತ್ತು. ಆದರೆ 2016ರಲ್ಲಿ ಅಮೆರಿಕದ ಸಿನ್ಸಿನಾಟಿಯ ಸಂಶೋಧಕರು ಸುಂಡಿಲಿಗಳಲ್ಲಿ, ಯಕೃತ್ಕೋಶಗಳಿಂದಲೇ ಹೊರಟ ಎಕ್ಸೋಸೋಮ್‌ಗಳು ಸ್ಫಿಂಗೋಸಿನ್ ಕೈನೇಸ್ 2 ಎಂಬ ಕಿಣ್ವವನ್ನು ನೆರೆಯ ಯಕೃತ್ಕೋಶಗಳಿಗೆ ತಲುಪಿಸಿ, ಅವು ವಿಭಜನೆಗೊಂಡು ಹೆಚ್ಚುವಂತೆ ಮಾಡುವುದನ್ನು ತೋರಿಸಿದರು. ಗಾಯದ ಸುದ್ದಿಯನ್ನು ಹೊತ್ತ ಅಂಗವೇ ಮರುಬೆಳವಣಿಗೆಯ ಸೂಚನೆಯನ್ನೂ ಕಳಿಸುತ್ತದೆ ಎಂದಾಯಿತು. ನೀವು ದಾನ ಕೊಟ್ಟ ಮೇಲೆ ನಿಮ್ಮಲ್ಲಿ ಉಳಿದ ಎಡಭಾಗ ಕೆಲವೇ ತಿಂಗಳಲ್ಲಿ ಬೆಳೆದು ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬಂದಿರುತ್ತದಲ್ಲ, ಆ ಬೆಳವಣಿಗೆಯನ್ನು ನಡೆಸುವ ಹತ್ತಾರು ಸಂಕೇತಗಳಲ್ಲಿ ಇಂಥವೂ ಸೇರಿರಬಹುದೆಂದು ಭಾವಿಸಲು ಆಧಾರವಿದೆ.

ಇನ್ನು ನಿಮ್ಮ ಅಣ್ಣನ ಮಗನ ವಾದಕ್ಕೆ ಬರೋಣ. ಅವನು ಓದಿರುವುದು ಬಹುಶಃ 2016ರ ಎರಡು ಅಧ್ಯಯನಗಳ ಬಗ್ಗೆ. ಅದಕ್ಕೆ ಮೊದಲು ನಮ್ಮ ಪಠ್ಯಪುಸ್ತಕಗಳಲ್ಲಿದ್ದ ವಿವರಣೆ ಹೀಗಿತ್ತು: ಕಸಿ ಅಂಗದೊಂದಿಗೆ ದಾನಿಯ ಬಿಳಿರಕ್ತಕಣಗಳೂ ಪ್ರಯಾಣಿಕರಂತೆ ಬರುತ್ತವೆ; ಅವು ದುಗ್ಧಗ್ರಂಥಿಗಳಿಗೆ ಹೋಗಿ ಕಸಿ ಪಡೆದವರ ರೋಗನಿರೋಧಕ ಪಡೆಯಾದ ಟಿ ಕೋಶಗಳಿಗೆ ಎದುರಾದಾಗ 'ಇವನು ನಮ್ಮವನಲ್ಲ' ಎಂಬ ಗುಲ್ಲೇಳುತ್ತದೆ. ಆದರೆ ಸುಂಡಿಲಿಗಳಲ್ಲಿ ಚರ್ಮ ಮತ್ತು ಹೃದಯ ಕಸಿ ಮಾಡಿ ಹುಡುಕಿದಾಗ, ದುಗ್ಧಗ್ರಂಥಿಗಳಲ್ಲಿ ದಾನಿಯ ಇಡೀ ಕೋಶಗಳು ಸಿಕ್ಕಿದ್ದು ತೀರಾ ವಿರಳ. ಸಿಕ್ಕಿದ್ದು ಕಸಿ ಪಡೆದ ಪ್ರಾಣಿಯದೇ ಕೋಶಗಳು, ಆದರೆ ಮೈಮೇಲೆ ದಾನಿಯ ಗುರುತಿನ ಪ್ರೋಟೀನ್‌ಗಳು, ಅಂದರೆ ಕೋಶ ಯಾರದೆಂದು ತೋರಿಸುವ ಮನುಷ್ಯರ ಎಚ್‌ಎಲ್‌ಎಗೆ ಸಮನಾದವು. ಅಂಗದಿಂದ ಹೊರಟ ಕಿರುಚೀಲಗಳು ಆ ಕೋಶಗಳಿಗೆ ಅಂಟಿಕೊಂಡು, ಅವು ದಾನಿಯ ವೇಷ ತೊಟ್ಟಂತಾಗಿತ್ತು. ಬಣ್ಣದ ಚೌಕಿಯಲ್ಲಿ ಕಿರೀಟ ಕಟ್ಟಿಕೊಂಡವನು ಒಳಗೆ ನಮ್ಮೂರಿನವನೇ. ಆದರೆ ರಂಗದಲ್ಲಿ ಟಿ ಕೋಶಕ್ಕೆ ಕಾಣುವುದು ವೇಷ ಮಾತ್ರ. ಒಂದೊಂದು ಕಿರುಚೀಲವೂ ಗುರುತುಗಳನ್ನು ಗೊಂಚಲಾಗಿ ಹೊತ್ತಿರುವುದರಿಂದ, ಕೆಲವೇ ದಾನಿಕೋಶಗಳಿಂದ ಹೊರಟ ಚೀಲಗಳು ಸಾವಿರಾರು ಕೋಶಗಳಿಗೆ ವೇಷ ತೊಡಿಸಬಲ್ಲವು. ಇಲ್ಲಿಯವರೆಗೆ ಹುಡುಗ ಹೇಳಿದ್ದು ಸರಿ.

ಅವನು ಬಿಟ್ಟ ಮಾತೆಂದರೆ, ಯಕೃತ್ತು ಚರ್ಮವಲ್ಲ, ಹೃದಯವೂ ಅಲ್ಲ. ಕೇಂಬ್ರಿಜ್‌ನ ರಾಯ್ ಕಾಲ್ನ್ ಮತ್ತು ಸಂಗಡಿಗರು 1969ರಲ್ಲೇ, ಹಂದಿಗಳಲ್ಲಿ ಬೇರೆ ಹಂದಿಯ ಯಕೃತ್ತನ್ನು ಕಸಿ ಮಾಡಿದಾಗ ಔಷಧಿಯಿಲ್ಲದೆಯೂ ಅನೇಕ ಸಲ ಅದು ಉಳಿದುಕೊಳ್ಳುವುದನ್ನೂ, ಅದೇ ದಾನಿಯ ಇನ್ನೊಂದು ಅಂಗವನ್ನು ಕೂಡ ದೇಹ ಆಗ ಸಹಿಸಿಕೊಳ್ಳುವುದನ್ನೂ ವರದಿ ಮಾಡಿದ್ದರು. ಸುಂಡಿಲಿಗಳಲ್ಲಂತೂ ಬೇರೆ ತಳಿಯ ಯಕೃತ್ತು ಔಷಧಿಯಿಲ್ಲದೆ ನಿಲ್ಲುವುದು ಮಾಮೂಲು. ಅದೇ ಜೋಡಿಯಲ್ಲಿ ಚರ್ಮ ಕಸಿ ಮಾಡಿದರೆ ತಿರಸ್ಕಾರ. 2018ರಲ್ಲಿ ಪಿಟ್ಸ್‌ಬರ್ಗ್‌ನ ತಂಡವೊಂದು ಸುಂಡಿಲಿಗಳ ಕಸಿ ಯಕೃತ್ತಿನೊಳಗೆ ಇಣುಕಿ ನೋಡಿದಾಗ ಅಲ್ಲೂ ವೇಷಧಾರಿ ಕೋಶಗಳು ಧಾರಾಳವಾಗಿದ್ದವು, ಆದರೆ ಅವುಗಳ ಮೈಮೇಲೆ ದಾನಿಯ ಗುರುತಿನ ಜೊತೆಗೇ ಪಿಡಿ-ಎಲ್1 ಎಂಬ ಇನ್ನೊಂದು ಪ್ರೋಟೀನ್ ಭಾರಿ ಪ್ರಮಾಣದಲ್ಲಿತ್ತು. ಇದು ಟಿ ಕೋಶವನ್ನು ಸುಮ್ಮನಾಗಿಸುವ ಸಂಕೇತ. ಅಂದರೆ ಅದೇ ವೇಷ ಒಂದು ಕಡೆ ಜಗಳಕ್ಕೆ ಕರೆಯುತ್ತದೆ, ಇನ್ನೊಂದು ಕಡೆ ಸಮಾಧಾನ ಹೇಳುತ್ತದೆ. ಯಾವುದೆಂಬುದು ವೇಷ ತೊಟ್ಟ ಕೋಶ ಎಲ್ಲಿದೆ, ಅದರ ಜೊತೆಗೆ ಇನ್ನೇನಿದೆ ಎಂಬುದರ ಮೇಲೆ ನಿಂತಿದೆ. ಮನುಷ್ಯರಲ್ಲೂ ಯಕೃತ್ ಕಸಿಯಾದ ಮೊದಲ ದಿನಗಳಲ್ಲಿ ರಕ್ತದಲ್ಲಿ ಇಂಥ ವೇಷಧಾರಿ ಕೋಶಗಳು ಕಾಣಿಸಿಕೊಂಡು ಬೇಗನೆ ಇಳಿಮುಖವಾಗುವುದು ದಾಖಲಾಗಿದೆ.

ಮನುಷ್ಯರ ಯಕೃತ್ತು ಸುಂಡಿಲಿಗಳದ್ದರಷ್ಟು ಉದಾರಿಯಲ್ಲವೆಂಬುದನ್ನು ಮರೆಯಬಾರದು. ಆಯ್ದ ಕೆಲವು ರೋಗಿಗಳಲ್ಲಿ, ಬಹಳ ವರ್ಷಗಳ ನಂತರ, ಬಯಾಪ್ಸಿಗಳ ಕಾವಲಿನಲ್ಲಿ ಔಷಧಿಯನ್ನು ಪೂರ್ತಿ ನಿಲ್ಲಿಸಲು ಸಾಧ್ಯವಾಗಿದೆ. ಆದರೆ ಅದು ಯಾರಲ್ಲಿ ಸಾಧ್ಯವೆಂದು ಮೊದಲೇ ಹೇಳಬಲ್ಲ ಭರವಸೆಯ ಪರೀಕ್ಷೆ ನಮ್ಮ ಕೈಯಲ್ಲಿಲ್ಲ. 14 ತಿಂಗಳಿಗೆ ಅದರ ಯೋಚನೆಯೂ ಬೇಡ.

ಬಯಾಪ್ಸಿಗೆ ಬದಲಾಗಿ ರಕ್ತಪರೀಕ್ಷೆ ಎಂಬ ನಿಮ್ಮ ಪ್ರಶ್ನೆ ನನಗೂ ಹತ್ತಿರದ್ದು. ರಕ್ತದಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳು ಏರಿದರೆ ಯಕೃತ್ತಿಗೆ ಪೆಟ್ಟಾಗಿದೆ ಎಂದಷ್ಟೇ ತಿಳಿಯುತ್ತದೆ. ತಿರಸ್ಕಾರವೋ, ಪಿತ್ತನಾಳದ ಅಡಚಣೆಯೋ, ವೈರಸ್ಸೋ, ಔಷಧಿಯ ದುಷ್ಪರಿಣಾಮವೋ ತಿಳಿಯುವುದಿಲ್ಲ. ಬಯಾಪ್ಸಿ ಅದನ್ನು ಹೇಳುತ್ತದೆ, ಆದರೆ ಸೂಜಿಯಲ್ಲಿ ಬರುವ ಎಳೆ ಇಡೀ ಯಕೃತ್ತಿನ ಸುಮಾರು 50,000ದಲ್ಲಿ ಒಂದು ಭಾಗ ಮಾತ್ರ, ಮೇಲಾಗಿ ರಕ್ತಸ್ರಾವದ ಸಣ್ಣ ಅಪಾಯವೂ ಇದೆ. ಕಿರುಚೀಲಗಳಾದರೆ ಇಡೀ ಅಂಗದಿಂದ ಬರುತ್ತವೆ. ನೀವಿಬ್ಬರೂ ರಕ್ತಸಂಬಂಧಿಗಳಲ್ಲದ್ದರಿಂದ ನಿಮ್ಮ ಎಚ್‌ಎಲ್‌ಎ ಗುರುತುಗಳು ಬೇರೆ ಬೇರೆ ಇರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಅವರ ರಕ್ತದಲ್ಲಿ ನಿಮ್ಮ ಗುರುತು ಹೊತ್ತ ಕಿರುಚೀಲಗಳನ್ನು ಪ್ರತಿಕಾಯದ ಗಾಳದಿಂದ ಹಿಡಿದು, ಒಳಗೆ ಏನಿದೆಯೆಂದು ಓದುವುದು ತಾತ್ವಿಕವಾಗಿ ಸಾಧ್ಯ. ಪೆನ್ಸಿಲ್ವೇನಿಯಾದ ತಂಡವೊಂದು 2017ರಲ್ಲಿ, ಸುಂಡಿಲಿಗಳಿಗೆ ಕಸಿ ಮಾಡಿದ ಮನುಷ್ಯರ ಇನ್ಸುಲಿನ್ ಕೋಶಗಳ ವಿಷಯದಲ್ಲಿ ಇದೇ ಉಪಾಯದಿಂದ ತಿರಸ್ಕಾರದ ಸುಳಿವನ್ನು ಹಿಡಿದಿತ್ತು.

ಇದರಲ್ಲಿ ನನಗೆ ಅತ್ಯಂತ ಇಷ್ಟವಾದ ಉದಾಹರಣೆಯೊಂದಿದೆ. ಮೈಕ್ರೋಆರ್‌ಎನ್‌ಎ-122 ಎಂಬುದು ಹೆಚ್ಚುಕಡಿಮೆ ಯಕೃತ್ತಿನಲ್ಲಿ ಮಾತ್ರ ಇರುವ ಪುಟ್ಟ ಅಣು. ರಕ್ತದಲ್ಲಿ ಅದು ಏರಿತೆಂದರೆ ಯಕೃತ್ಕೋಶಗಳಿಗೆ ಪೆಟ್ಟಾಗಿದೆ ಎಂದರ್ಥ. 2012ರಲ್ಲಿ ಮ್ಯಾಸಚೂಸೆಟ್ಸ್‌ನ ಸಂಶೋಧಕರು ಸುಂಡಿಲಿಗಳಲ್ಲಿ ಕಂಡದ್ದೇನೆಂದರೆ, ಮದ್ಯದಿಂದ ಅಥವಾ ಉರಿಯೂತದಿಂದ ಯಕೃತ್ತು ಕೆಟ್ಟಾಗ ಈ ಅಣು ಹೆಚ್ಚಾಗಿ ಎಕ್ಸೋಸೋಮ್‌ಗಳ ಪಾಲಿನಲ್ಲಿ ಸಿಗುತ್ತಿತ್ತು. ಪ್ಯಾರಾಸಿಟಮಾಲ್ ಅತಿಯಾಗಿ ಕೆಟ್ಟಾಗ ಚೀಲಗಳ ಹೊರಗೆ, ಪ್ರೋಟೀನ್‌ಗಳಿಗೆ ಅಂಟಿಕೊಂಡ ಪಾಲಿನಲ್ಲಿ ಸಿಗುತ್ತಿತ್ತು. ಅಣು ಅದೇ, ಪ್ರಮಾಣವೂ ಏರಿದೆ, ಆದರೆ ಅದು ಯಾವ ವಾಹನದಲ್ಲಿ ಬಂತೆಂಬುದೇ ಕಾರಣವನ್ನು ಸೂಚಿಸುತ್ತದೆ. ಕಸಿ ಯಕೃತ್ತಿನಲ್ಲಿ ನಮಗೆ ಬೇಕಾದದ್ದು ಇಂಥ ವಿವೇಚನೆಯೇ.

ಹಾಗಾದರೆ ಇದೇಕೆ ನಿಮ್ಮೂರಿನ ಲ್ಯಾಬಿಗೆ ಬಂದಿಲ್ಲ? ರಕ್ತದಲ್ಲಿರುವ ಕಿರುಚೀಲಗಳಲ್ಲಿ ಬಹುಪಾಲು ರಕ್ತಕಣಗಳು ಮತ್ತು ಪ್ಲೇಟ್‌ಲೆಟ್‌ಗಳವು, ಯಕೃತ್ತಿನ ಪಾಲು ತೀರಾ ಸಣ್ಣದು. ಜೊತೆಗೆ ಕೊಬ್ಬನ್ನು ಹೊತ್ತು ತಿರುಗುವ ಲಿಪೋಪ್ರೋಟೀನ್ ಕಣಗಳು ಇವುಗಳಿಗಿಂತ ಸಾವಿರಾರು ಪಟ್ಟು ಹೆಚ್ಚಾಗಿದ್ದು, ಅವುಗಳಲ್ಲಿ ಕೆಲವು ಗಾತ್ರದಲ್ಲೂ ಕೆಲವು ಸಾಂದ್ರತೆಯಲ್ಲೂ ಇವನ್ನೇ ಹೋಲುತ್ತವೆ. ರಕ್ತ ತೆಗೆದ ಟ್ಯೂಬನ್ನು ಮೇಜಿನ ಮೇಲೆ ಒಂದೆರಡು ಗಂಟೆ ಹಾಗೇ ಬಿಟ್ಟರೆ ಪ್ಲೇಟ್‌ಲೆಟ್‌ಗಳು ಕೆರಳಿ ಟ್ಯೂಬಿನೊಳಗೇ ಹೊಸ ಕಿರುಚೀಲಗಳನ್ನು ಉದುರಿಸುತ್ತವೆ. ಟ್ಯೂಬನ್ನು ಜೋರಾಗಿ ಕುಲುಕಿದರೂ ಅದೇ ಗತಿ. ಹೆಪಾರಿನ್ ಹಾಕಿದ ಹಸಿರು ಮುಚ್ಚಳದ ಟ್ಯೂಬಿನಲ್ಲಿ ತೆಗೆದರೆ ಮುಂದೆ ಆರ್‌ಎನ್‌ಎ ಅಳೆಯುವ ಪಿಸಿಆರ್ ಹದಗೆಡುತ್ತದೆ. ಹೀಗೆ ಒಂದೇ ರೋಗಿಯ ಒಂದೇ ದಿನದ ರಕ್ತ ಎರಡು ಕಡೆ ಎರಡು ಉತ್ತರ ಕೊಡುತ್ತದೆ. ಈ ಗೊಂದಲಕ್ಕೆ ಕಡಿವಾಣ ಹಾಕಲೆಂದೇ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ 2014, 2018 ಮತ್ತು 2023ರಲ್ಲಿ, ಕನಿಷ್ಠ ಏನೇನನ್ನು ಅಳೆದು ವರದಿ ಮಾಡಬೇಕೆಂಬ ಮಾರ್ಗಸೂಚಿಗಳನ್ನು ಹೊರಡಿಸಿದೆ. ನನ್ನ ಅಂದಾಜಿನಲ್ಲಿ, ರಕ್ತದಲ್ಲಿ ತೇಲುವ ದಾನಿಯ ಡಿಎನ್‌ಎ ಚೂರುಗಳನ್ನು ಅಳೆಯುವ ಪರೀಕ್ಷೆ ಕಿರುಚೀಲಗಳ ಪರೀಕ್ಷೆಗಿಂತ ಮುಂದಿದೆ. ಆದರೆ ಆ ಡಿಎನ್‌ಎ ಕೋಶ ಸತ್ತಿತೆಂದು ಹೇಳುತ್ತದೆಯೇ ಹೊರತು ಏಕೆ ಸತ್ತಿತೆಂದು ಹೇಳುವುದಿಲ್ಲ. ಆ 'ಏಕೆ'ಗಾಗಿಯೇ ಕಿರುಚೀಲಗಳ ಮೇಲೆ ನನಗಿನ್ನೂ ಆಸೆಯಿರುವುದು.

ನಿಮ್ಮ ಯಜಮಾನರಿಗೆ ಗಡ್ಡೆಯೂ ಇದ್ದುದರಿಂದ ಇನ್ನೊಂದು ಮಾತು. ಗಡ್ಡೆ ಒಂದೇ ಇದ್ದು 5 ಸೆಂಟಿಮೀಟರಿಗೆ ಮೀರದಿದ್ದರೆ, ಅಥವಾ ಮೂರರವರೆಗಿದ್ದು ಒಂದೊಂದೂ 3 ಸೆಂಟಿಮೀಟರಿಗೆ ಮೀರದಿದ್ದರೆ ಕಸಿಯ ಫಲಿತಾಂಶ ಚೆನ್ನಾಗಿರುತ್ತದೆಂದು ಮಿಲಾನಿನ ವೈದ್ಯರು 1996ರಲ್ಲಿ ತೋರಿಸಿದ ಮೇಲೆ ಪ್ರಪಂಚದಾದ್ಯಂತ ಅದೇ ಅಳತೆಗೋಲು. ಆದರೆ ಗಾತ್ರ ಗಡ್ಡೆಯ ಸ್ವಭಾವವನ್ನು ಪೂರ್ತಿ ಹೇಳುವುದಿಲ್ಲ. ಜಪಾನಿನಲ್ಲಿ 2015ರಲ್ಲಿ, ಕಸಿಯ ನಂತರ ಗಡ್ಡೆ ಮರುಕಳಿಸಿದವರ ರಕ್ತದ ಎಕ್ಸೋಸೋಮ್‌ಗಳಲ್ಲಿ ಮೈಕ್ರೋಆರ್‌ಎನ್‌ಎ-718 ಕಡಿಮೆಯಿದ್ದುದನ್ನು ಕಂಡರು. ಅಂಥ ಸುಳಿವುಗಳು ಆಮೇಲೆ ಇನ್ನೂ ಹಲವು ಬಂದಿವೆ. ಅವುಗಳಲ್ಲಿ ಯಾವುದೂ ಇಂದು ನಿಮ್ಮ ವೈದ್ಯರು ಗಡ್ಡೆಯ ಸುಳಿವಿಗಾಗಿ ಮಾಡಿಸುವ ಎಎಫ್‌ಪಿ ರಕ್ತಪರೀಕ್ಷೆ ಮತ್ತು ಸ್ಕ್ಯಾನ್‌ಗಳ ಜಾಗವನ್ನು ತುಂಬುವುದಿಲ್ಲ, ಅವನ್ನು ತಪ್ಪಿಸಬೇಡಿ.

ಇನ್ನು ಚಿಕಿತ್ಸೆ. ಕ್ಲಿನಿಕ್ಕಿನವರು ತೋರಿಸಿರಬಹುದಾದ ಪ್ರಬಂಧಗಳು ಬಹುಶಃ ನಿಜವಾದವೇ. ಮೂಳೆಮಜ್ಜೆಯ ಮೆಸೆಂಕೈಮಲ್ ಕಾಂಡಕೋಶಗಳಿಂದ ತೆಗೆದ ಕಿರುಚೀಲಗಳನ್ನು ಕೊಟ್ಟಾಗ, ರಕ್ತ ತಡೆಹಿಡಿದು ಮರಳಿ ಬಿಟ್ಟ ಸುಂಡಿಲಿಯ ಯಕೃತ್ತಿನಲ್ಲಿ ಗಾಯ ಕಡಿಮೆಯಾದದ್ದು ಒಂದಕ್ಕಿಂತ ಹೆಚ್ಚು ಕಡೆ ಕಂಡಿದೆ. ಆದರೆ ಆ ಪ್ರಯೋಗಗಳನ್ನು ಹತ್ತಿರದಿಂದ ನೋಡಿ: ಯಕೃತ್ತಿನ ಒಂದು ಭಾಗಕ್ಕೆ ಹೋಗುವ ರಕ್ತವನ್ನು ಸ್ವಲ್ಪ ಹೊತ್ತು ಕಟ್ಟಿ, ಹೆಚ್ಚಿನ ಸಲ ಅದಕ್ಕೆ ಮೊದಲೋ ಅದೇ ಹೊತ್ತಿನಲ್ಲೋ ಚುಚ್ಚಿ, ಒಂದೆರಡು ದಿನದೊಳಗೆ ಲೆಕ್ಕ ಹಾಕಿರುತ್ತಾರೆ. ಅವು ಉತ್ತರಿಸುವುದು ಕಸಿಯ ಆ ಮೊದಲ ಗಂಟೆಗಳ ಪ್ರಶ್ನೆಯನ್ನು. ನಿಮ್ಮ ಯಜಮಾನರ ಮರುಹರಿವಿನ ಗಾಯ ಮಾಯ್ದು ಒಂದು ವರ್ಷದ ಮೇಲಾಯಿತು. ಮನೆಗೆ ಬೆಂಕಿ ಬಿದ್ದಾಗ ತರಬೇಕಾದ ನೀರನ್ನು ಗೃಹಪ್ರವೇಶದ ವರ್ಷಾಬ್ದಿಗೆ ತಂದಂತೆ.

ಇದರಲ್ಲಿ ನಿಜಕ್ಕೂ ಭರವಸೆ ಮೂಡಿಸುವ ದಾರಿ ರೋಗಿಯ ದೇಹದ ಹೊರಗಿದೆ. ದಾನಿಯ ಯಕೃತ್ತನ್ನು ಮಂಜುಗಡ್ಡೆಯಲ್ಲಿ ಸುಮ್ಮನೆ ಇಡುವ ಬದಲು ಯಂತ್ರಕ್ಕೆ ಜೋಡಿಸಿ, ಅದರೊಳಗೆ ದ್ರವವನ್ನೋ ರಕ್ತವನ್ನೋ ಹರಿಸುತ್ತಾ ಇಡುವ ಪದ್ಧತಿ ಈಗ ಬಂದಿದೆ. 2018ರಲ್ಲಿ ಆಕ್ಸ್‌ಫರ್ಡ್‌ನವರ ಮುಂದಾಳತ್ವದಲ್ಲಿ 220 ಕಸಿಗಳಲ್ಲಿ ನಡೆದ ಹೋಲಿಕೆಯಲ್ಲಿ, ದೇಹದ ಉಷ್ಣತೆಯಲ್ಲಿ ಯಂತ್ರದ ಮೇಲಿಟ್ಟ ಯಕೃತ್ತುಗಳು ಸರಾಸರಿ 54% ಹೆಚ್ಚು ಹೊತ್ತು ಹೊರಗಿದ್ದರೂ ಕಿಣ್ವಗಳ ಲೆಕ್ಕದಲ್ಲಿ ಗಾಯ 50% ಕಡಿಮೆಯಿತ್ತು. 2021ರಲ್ಲಿ ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನವರು, ಹೃದಯ ನಿಂತ ಮೇಲೆ ದಾನವಾದ ಯಕೃತ್ತುಗಳಿಗೆ ತಣ್ಣನೆಯ ಆಮ್ಲಜನಕಯುಕ್ತ ದ್ರವ ಹರಿಸಿದಾಗ, ತೊಂದರೆ ಕೊಡುವ ಒಂದು ಬಗೆಯ ಪಿತ್ತನಾಳ ಸಂಕೋಚನ 18%ರಿಂದ 6%ಕ್ಕೆ ಇಳಿದುದನ್ನು ತೋರಿಸಿದರು. ಜೂರಿಚ್‌ನಲ್ಲಿ ಯಕೃತ್ತೊಂದನ್ನು ಮೂರು ದಿನ ಯಂತ್ರದಲ್ಲಿಟ್ಟು ಕಸಿ ಮಾಡಿದ ವರದಿ 2022ರಲ್ಲಿ ಬಂತು. ಯಂತ್ರದ ಮೇಲಿರುವ ಆ ಗಂಟೆಗಳೇ ಕಿರುಚೀಲಗಳಿಗೆ ತಕ್ಕ ಅವಕಾಶ: ಕೊಟ್ಟದ್ದೆಲ್ಲ ಆ ಅಂಗಕ್ಕೆ ಮಾತ್ರ ಹೋಗುತ್ತದೆ, ಬೇರೆಲ್ಲೂ ಚದುರುವುದಿಲ್ಲ, ಬೇಡವಾದದ್ದನ್ನು ಕಸಿಗೆ ಮೊದಲು ತೊಳೆದು ತೆಗೆಯಬಹುದು, ಜೊತೆಗೆ ಯಂತ್ರದ ದ್ರವದಲ್ಲಿ ಯಕೃತ್ತು ಬಿಡುವ ಕಿರುಚೀಲಗಳನ್ನು ಎಣಿಸಿ ಅದು ಕಸಿಗೆ ಯೋಗ್ಯವೇ ಎಂದು ನಿರ್ಣಯಿಸಲೂ ಬಹುದು, ಅಲ್ಲಿ ರೋಗಿಯ ಪ್ಲೇಟ್‌ಲೆಟ್‌ಗಳ ಗದ್ದಲವಿರುವುದಿಲ್ಲ. ಇಟಲಿಯ ಟ್ಯೂರಿನ್‌ನ ತಂಡ ಇಲಿಗಳ ಯಕೃತ್ತಿನಲ್ಲಿ, ಮನುಷ್ಯರ ಯಕೃತ್ತಿನ ಕಾಂಡಕೋಶಗಳ ಕಿರುಚೀಲಗಳನ್ನು ಯಂತ್ರದ ದ್ರವಕ್ಕೆ ಸೇರಿಸಿ ಗಾಯ ಕಡಿಮೆಯಾದದ್ದನ್ನು 2018ರಲ್ಲಿ ವರದಿ ಮಾಡಿತು.

ಇವೆಲ್ಲದರ ಮುಂದೆ ಆರು ಡೋಸಿನ ಇಂಜೆಕ್ಷನ್ನನ್ನು ಇಟ್ಟು ನೋಡಿ. ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಯಾವ ಎಕ್ಸೋಸೋಮ್ ಚಿಕಿತ್ಸೆಗೂ ಅನುಮೋದನೆ ಕೊಟ್ಟಿಲ್ಲ. ಬದಲಿಗೆ ನೆಬ್ರಾಸ್ಕಾದಲ್ಲಿ ಇಂಥವನ್ನು ಚುಚ್ಚಿಸಿಕೊಂಡವರಿಗೆ ಗಂಭೀರ ತೊಂದರೆಗಳಾದ ಮೇಲೆ 2019ರ ಡಿಸೆಂಬರಿನಲ್ಲಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಬಾಟಲಿಯಲ್ಲಿ ಎಷ್ಟು ಕಿರುಚೀಲಗಳಿವೆ, ಯಾವ ಕೋಶದವು, ಯಾರ ಕೋಶದವು, ಸೋಂಕುರಹಿತವೇ ಎಂಬುದನ್ನು ತಿಳಿಯುವ ದಾರಿ ನಿಮಗಿಲ್ಲ. ರೋಗನಿರೋಧಕ ಶಕ್ತಿಯನ್ನು ಔಷಧಿಯಿಂದ ತಗ್ಗಿಸಿರುವವರಿಗೆ ರಕ್ತನಾಳದಲ್ಲಿ ಒಂದು ಬ್ಯಾಕ್ಟೀರಿಯಾ ಸೇರಿದರೂ ಅದು ಬೇರೆಯವರಿಗೆ ಆದಂತಲ್ಲ. ಮೂರನೆಯವರೊಬ್ಬರ ಗುರುತು ಹೊತ್ತ ಚೀಲಗಳು ಅವರ ಟಿ ಕೋಶಗಳನ್ನು ಹೊಸದಾಗಿ ಕೆರಳಿಸಬಹುದೇ ಎಂಬ ಹುಡುಗನ ಅನುಮಾನವನ್ನು ನಾನು ತಳ್ಳಿಹಾಕಲಾರೆ. ಕಾಂಡಕೋಶಗಳ ಕಿರುಚೀಲಗಳು ಗಡ್ಡೆಗಳ ಮೇಲೆ ಬೀರುವ ಪರಿಣಾಮದ ಬಗ್ಗೆ ಪ್ರಯೋಗಗಳು ಎರಡೂ ಬಗೆಯ ಉತ್ತರ ಕೊಟ್ಟಿವೆ; ಕ್ಯಾನ್ಸರ್ ಇದ್ದವರೊಬ್ಬರಲ್ಲಿ ಕೋಶಗಳ ಬೆಳವಣಿಗೆಗೆ ಉತ್ತೇಜನ ಕೊಡುವ ವಸ್ತುವನ್ನು ಪರೀಕ್ಷೆಗಾಗಿ ಸುರಿಯುವುದನ್ನು ನಾನಂತೂ ಒಪ್ಪುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅವರು ಹೇಳಿದಂತೆ ಟ್ಯಾಕ್ರೋಲಿಮಸ್ ಅರ್ಧಕ್ಕಿಳಿಸಿ ತಿರಸ್ಕಾರವಾದರೆ ಹೋಗುವುದು ಅವರ ಇಂಜೆಕ್ಷನ್ ಅಲ್ಲ, ನೀವು ಕೊಟ್ಟ ಯಕೃತ್ತು. ಮುಂದೊಂದು ದಿನ ಯಾವುದಾದರೂ ಸಂಶೋಧನೆಗೆ ರಕ್ತದ ಮಾದರಿ ಕೊಡುವಿರಾ ಎಂದು ಕೇಳಿದರೆ, ನೈತಿಕ ಸಮಿತಿಯ ಒಪ್ಪಿಗೆ ಇದ್ದರೆ, ಸಂತೋಷವಾಗಿ ಕೊಡಿ. ಹೊಸ ಚಿಕಿತ್ಸೆಯ ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಾದ ಸಿಟಿಆರ್‌ಐನಲ್ಲಿ ಅದರ ಸಂಖ್ಯೆ ಇರಬೇಕು. ಪ್ರಯೋಗವೆಂದು ಹೇಳಿ ನಿಮ್ಮಿಂದಲೇ ಹಣ ಕೇಳಿದರೆ ಎದ್ದು ಬನ್ನಿ.

ಈಗ ಆ ಒಂದು ಸಾಲಿಗೆ. ತಪಾಸಣೆಯ ದಿನ ನಸುಕಿನಲ್ಲಿ ಎಲ್ಲ ಮಾತ್ರೆ ನುಂಗಿಸಿ ಬಸ್ಸು ಹತ್ತಿಸುತ್ತೇನೆ ಎಂದಿದ್ದೀರಿ. ಟ್ಯಾಕ್ರೋಲಿಮಸ್ ಮಟ್ಟವನ್ನು ಅಳೆಯಬೇಕಾದದ್ದು ಮುಂದಿನ ಮಾತ್ರೆಗೆ ಸ್ವಲ್ಪ ಮುಂಚೆ, ಅಂದರೆ ದಿನಕ್ಕೆರಡು ಸಲ ತೆಗೆದುಕೊಳ್ಳುವವರಲ್ಲಿ ಹಿಂದಿನ ರಾತ್ರಿಯ ಮಾತ್ರೆಯಾಗಿ ಸುಮಾರು 12 ಗಂಟೆಗೆ. ವೈದ್ಯರು ಮನಸ್ಸಿನಲ್ಲಿಟ್ಟುಕೊಂಡಿರುವ ಗುರಿಸಂಖ್ಯೆಗಳೆಲ್ಲ ಆ ತಳಮಟ್ಟಕ್ಕೆ ಸಂಬಂಧಿಸಿದವು. ನಸುಕಿನ ಐದಕ್ಕೆ ನುಂಗಿ ಒಂಬತ್ತಕ್ಕೆ ರಕ್ತ ಕೊಟ್ಟರೆ ಅಳತೆಗೆ ಸಿಗುವುದು ಆಗಷ್ಟೇ ಏರಿದ ಮಟ್ಟ. ನಿಮ್ಮ 12 ನಿಜವಾದ 12 ಅಲ್ಲದಿರುವ ಸಾಧ್ಯತೆ ದೊಡ್ಡದು. ಆ ಸಂಖ್ಯೆಯನ್ನು ನಂಬಿ ಯಾರಾದರೂ ಪ್ರಮಾಣ ಇಳಿಸಿದ್ದರೆ, ಅಥವಾ ಇಳಿಸಲಿದ್ದರೆ, ಅದು ಅಪಾಯ. ಇಂದೇ ನಿಮ್ಮ ಕಸಿ ಸಂಯೋಜಕರಿಗೆ ಫೋನು ಮಾಡಿ ಕಳೆದ ಮೂರು ಸಲವೂ ಮಾತ್ರೆಯ ನಂತರವೇ ರಕ್ತ ಕೊಟ್ಟದ್ದನ್ನು ಹೇಳಿ. ಕ್ರಿಯಾಟಿನಿನ್ ಏರಿರುವುದನ್ನು ಬೇರೆಯಾಗಿಯೇ ವಿಚಾರಿಸಬೇಕು: ನೋವಿನ ಮಾತ್ರೆ, ರಕ್ತದೊತ್ತಡ, ಸಕ್ಕರೆ, ಹೆಪಟೈಟಿಸ್ ಬಿಗೆ ಕೊಡುತ್ತಿರುವ ಮಾತ್ರೆ ಯಾವುದು, ಇವನ್ನೆಲ್ಲ ಅವರು ನೋಡುತ್ತಾರೆ. ಕೊನೆಗೆ ಟ್ಯಾಕ್ರೋಲಿಮಸ್ಸೇ ಕಾರಣವೆಂದಾದರೂ, ತಿರಸ್ಕಾರ ತಡೆಯುವ ಬೇರೆ ಔಷಧಿಗಳಾದ ಮೈಕೋಫಿನೊಲೇಟ್ ಅಥವಾ ಎವರೋಲಿಮಸ್ ಜೊತೆಗೂಡಿಸಿ ಅದನ್ನು ಸುರಕ್ಷಿತವಾಗಿ ತಗ್ಗಿಸುವ, ಸಾವಿರಾರು ರೋಗಿಗಳಲ್ಲಿ ನೋಡಿದ ದಾರಿ ಅವರ ಬಳಿ ಇದೆ. ಮುಂದಿನ ಸಲ ಬೆಳಗಿನ ಟ್ಯಾಕ್ರೋಲಿಮಸ್ಸನ್ನು ಡಬ್ಬಿಯಲ್ಲಿ ಹಾಕಿ ಅವರ ಜೇಬಿಗೆ ಕೊಟ್ಟು ಕಳಿಸಿ. ಬೆಂಗಳೂರಿನಲ್ಲಿ ರಕ್ತ ಕೊಟ್ಟು ತೋಳಿನ ಹತ್ತಿ ತೆಗೆಯುವ ಮುನ್ನವೇ ನುಂಗಲಿ.